ಡೆಕೋರ್ ವೈರು ಕಿತ್ತ ಮೇಲೆ ಹಳೇ ಕಾರು ತಕರಾರು ಮಾಡಿದರೆ ಎಲ್ಲಿ ನೋಡಬೇಕು

ಹೋದ ವರ್ಷ ಆಯುಧಪೂಜೆಯ ದಿನ. ನಮ್ಮ ಮಾರುತಿ 800 ತೊಳೆದು, ಬಾನೆಟ್‌ಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಬೂದುಗುಂಬಳ ಒಡೆದೂ ಆಯಿತು. ಇನ್ನು ಗಾಡಿ ಒಂದು ಮಾರು ಮುಂದೆ ಹೋಗಬೇಕು, ಅಷ್ಟೆ. ಕೀ ತಿರುಗಿಸಿದೆ. ಸೆಲ್ಫ್ ಹೊಡೆಯಲೇ ಇಲ್ಲ. ಟಿಕ್ ಅನ್ನುವ ಸದ್ದೂ ಇಲ್ಲ. ಅಮ್ಮನ ಮುಖ ಸಣ್ಣದಾಯಿತು. ಕೊನೆಗೆ ಪಕ್ಕದ ಮನೆಯ ಹುಡುಗರು ಬಂದು ತಳ್ಳಿ ನಿಂಬೆಹಣ್ಣು ದಾಟಿಸಿದರು.

ಹಿಂದಿನ ಮೂರು ದಿನ ಕೂತು ಆ ಗಾಡಿಯಲ್ಲಿದ್ದ ಬೇಡದ ವೈರನ್ನೆಲ್ಲ ನಾನೇ ಕಿತ್ತಿದ್ದೆ. 1997ರ ಕಾರ್ಬುರೇಟರ್ ಗಾಡಿ ಅದು. ಅಪ್ಪ 2003ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ತಗೊಂಡ ಹೊಸದರಲ್ಲಿ ಮೈಸೂರಿನ ಒಂದು ಡೆಕೋರ್ ಅಂಗಡಿಯಲ್ಲಿ, ಅಂದರೆ ಕಾರಿಗೆ ಹೆಚ್ಚುವರಿ ಸಾಮಾನು ಹಾಕಿಕೊಡುವ ಅಂಗಡಿಯಲ್ಲಿ, ರಿಮೋಟ್ ಅಲಾರಂ ಹಾಕಿಸಿದರು. ಆಮೇಲೆ ಫಾಗ್ ಲ್ಯಾಂಪ್, ಡಿಕ್ಕಿಯಲ್ಲಿ ಆಂಪ್ಲಿಫೈಯರ್, ರಿವರ್ಸ್ ಹಾಕಿದರೆ ಹಾಡುವ ಹಾರ್ನ್, ಹೆಡ್‌ಲೈಟಿಗೆ ದೊಡ್ಡ ಬಲ್ಬು, ಒಂದೊಂದಾಗಿ ಸೇರಿಕೊಂಡವು. ಅಪ್ಪ ಹೋದ ಮೇಲೆ ಗಾಡಿ ನನ್ನ ಕೈಗೆ ಬಂತು. ಅಷ್ಟೊತ್ತಿಗೆ ಅಲಾರಂ ಸತ್ತು ವರ್ಷಗಳಾಗಿದ್ದವು, ವೈರು ಮಾತ್ರ ಉಳಿದಿತ್ತು. ಕಿತ್ತು ತಕ್ಕಡಿಗೆ ಹಾಕಿದೆ, ಎರಡು ಕೆಜಿ ಹತ್ತಿರ ಬಂತು.

ನನ್ನದು ಪಾಂಡವಪುರದಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಕೆಲಸ. ಕಾರು ಮೆಕ್ಯಾನಿಕ್ ಅಲ್ಲ. ಆದರೆ ಕರೆಂಟು ಗೊತ್ತು, ಮೀಟರ್ ಹಿಡಿಯೋದು ಗೊತ್ತು. ಆ ಹಬ್ಬದ ದಿನದಿಂದ ದೀಪಾವಳಿವರೆಗೆ ಒಂದೊಂದೇ ತೊಂದರೆ ಹುಡುಕಿ ಸರಿ ಮಾಡಿದೆ. ನಮ್ಮ ಕಡೆ ಇನ್ನೂ ಎಷ್ಟೋ ಮನೆಗಳಲ್ಲಿ ಹಳೇ 800, ಓಮ್ನಿ, ಜೀಪು ಇವೆ. ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ತೊಂದರೆ ಬರುವುದು ನೀವು ಕಿತ್ತ ವೈರಿನಿಂದ ಅಲ್ಲ. ಅದನ್ನು ಹಾಕುವಾಗ ಕಂಪನಿ ವೈರಿಗೆ ಎಲ್ಲೆಲ್ಲಿ ಗಾಯ ಮಾಡಿದ್ದರೋ ಅಲ್ಲಿಂದ. ಕೆಲವು ಕಡೆ ಪ್ಲಾಸ್ಟಿಕ್ ಸುಲಿದು ಸುಮ್ನೆ ಸುತ್ತಿರುತ್ತಾರೆ. ಕೆಲವು ಕಡೆ ವೈರನ್ನೇ ಕತ್ತರಿಸಿ ನಡುವೆ ಏನೋ ಕೂರಿಸಿರುತ್ತಾರೆ. ಇನ್ನು ಕೆಲವು ಕಡೆ ಕಂಪನಿಯ ಅರ್ಥಿಂಗ್ ಬೋಲ್ಟಿಗೇ (ಕರೆಂಟು ಗಾಡಿಯ ಬಾಡಿ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ಜಾಗ) ತಮ್ಮ ವೈರನ್ನೂ ಸೇರಿಸಿರುತ್ತಾರೆ. ಈ ಮೂರು ಗಾಯ ಹುಡುಕಿದರೆ ಮುಕ್ಕಾಲು ಕೆಲಸ ಮುಗಿದಂತೆ. ಸೆಲ್ಫ್ ಹೋಗಿದೆ, ಆಲ್ಟರ್ನೇಟರ್ ಹೋಗಿದೆ ಅಂತ ಹೊಸದು ತಂದು ಹಾಕುವ ಮೊದಲು ದಯವಿಟ್ಟು ಇದನ್ನು ಮಾಡಿ.

ಬೇಕಾಗೋದು ಜಾಸ್ತಿ ಏನಿಲ್ಲ. ಒಂದು ಡಿಜಿಟಲ್ ಮೀಟರ್. ಎರಡು ವೈರು ಜೋಡಿಸಿದ 12 ವೋಲ್ಟಿನ ಇಂಡಿಕೇಟರ್ ಬಲ್ಬು, ಅದೇ ಟೆಸ್ಟ್ ಲ್ಯಾಂಪು. ಹಳೇ ಹೆಡ್‌ಲೈಟ್ ಬಲ್ಬು ಒಂದು. ಉಪ್ಪುಕಾಗದ, ವೈರು ಜೋಡಿಸುವ ಕೊಳವೆಯನ್ನು ಒತ್ತಿ ಬಿಗಿಯುವ ಕ್ರಿಂಪಿಂಗ್ ಪ್ಲಯರ್, ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಟ್ಯೂಬು, ಒಂದಿಷ್ಟು ಫ್ಯೂಸು. ವೈರಿಗೆ ಕೈ ಹಾಕುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಮೊದಲು ಮೈನಸ್, ಆಮೇಲೆ ಪ್ಲಸ್. ಹಾಕುವಾಗ ಮೈನಸ್ ಕೊನೆಗೆ. ಯಾಕಂದರೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ದೊಡ್ಡ ಕಿಡಿ ಹಾರುತ್ತದೆ.

ನಿಮ್ಮದು ಇಂಜೆಕ್ಷನ್ ಗಾಡಿಯಾದರೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಕಡೆ ಹೋಗುವ ವೈರಿಗೆ ಬಲ್ಬು ಹಚ್ಚಿ ನೋಡಬೇಡಿ, ಮೀಟರ್ ಮಾತ್ರ. ಏರ್‌ಬ್ಯಾಗ್ ಇದ್ದರೆ ಹಳದಿ ಕವರಿನ ವೈರಿಗೆ ಕೈಯನ್ನೇ ಹಾಕಬೇಡಿ.

ಸೆಲ್ಫ್ ಹೊಡೆಯದಿದ್ದರೆ

ಮೊದಲು ಬ್ಯಾಟರಿ ಅಳೆಯಿರಿ. ಗಾಡಿ ಒಂದು ರಾತ್ರಿ ನಿಂತ ಮೇಲೆ 12.6 ವೋಲ್ಟ್ ಹತ್ತಿರ ಇದ್ದರೆ ಪೂರ್ತಿ ಚಾರ್ಜ್ ಇದೆ. 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡದೆ ಮುಂದೆ ಹೋಗಬೇಡಿ. ಬ್ಯಾಟರಿ ಸೋತಿದ್ದಾಗ ಮಾಡಿದ ಪರೀಕ್ಷೆ ಎಲ್ಲವೂ ದಾರಿ ತಪ್ಪಿಸುತ್ತದೆ.

ಗಾಡಿ ನ್ಯೂಟ್ರಲ್‌ನಲ್ಲಿ ಇಟ್ಟು ಹ್ಯಾಂಡ್ ಬ್ರೇಕ್ ಎಳೆಯಿರಿ. ಹೆಡ್‌ಲೈಟ್ ಹಾಕಿ, ಕೀ ತಿರುಗಿಸಿ, ಬೆಳಕನ್ನು ನೋಡಿ. ಬೆಳಕು ಪೂರ್ತಿ ಸೋತುಹೋದರೆ ಬ್ಯಾಟರಿ ಟರ್ಮಿನಲ್, ಇಲ್ಲವೇ ಬ್ಯಾಟರಿಯ ದಪ್ಪ ಅರ್ಥಿಂಗ್ ಕೇಬಲ್ ನೋಡಿ. ಬೆಳಕು ಸ್ವಲ್ಪವೂ ಅಲುಗಾಡದೆ, ಸೆಲ್ಫೂ ಸುಮ್ಮನಿದ್ದರೆ, ಹೆಚ್ಚಾಗಿ ಕೀಯಿಂದ ಸೆಲ್ಫ್‌ಗೆ ಆಜ್ಞೆ ತಲುಪುತ್ತಿಲ್ಲ ಅಂತ ಅರ್ಥ. ನನ್ನದು ಇದೇ ಆಗಿತ್ತು.

ಸೆಲ್ಫ್ ಮೋಟಾರಿಗೆ ಒಂದು ದಪ್ಪ ಕೇಬಲ್ ಬರುತ್ತದೆ, ಬ್ಯಾಟರಿಯಿಂದ ನೇರ. ಇನ್ನೊಂದು ತೆಳು ವೈರು ಸೊಲೆನಾಯ್ಡಿಗೆ, ಅಂದರೆ ಸೆಲ್ಫ್ ಮೇಲೆ ಕೂತಿರುವ ವಿದ್ಯುತ್ ಸ್ವಿಚ್ಚಿಗೆ, ಬರುತ್ತದೆ. ಆ ತೆಳು ವೈರಿನ ಕ್ಲಿಪ್ ಬಿಚ್ಚಿ, ಟೆಸ್ಟ್ ಲ್ಯಾಂಪಿನ ಒಂದು ತುದಿ ಅದಕ್ಕೆ, ಇನ್ನೊಂದು ತುದಿ ಬ್ಯಾಟರಿ ಮೈನಸ್‌ಗೆ ಹಿಡಿದು, ಯಾರಿಗಾದರೂ ಕೀ ತಿರುಗಿಸೋಕೆ ಹೇಳಿ. ಬಲ್ಬು ಚೆನ್ನಾಗಿ ಉರಿದರೆ ವೈರು ಸರಿಯಿದೆ, ಸೆಲ್ಫ್ ಕಡೆ ನೋಡಬೇಕು. ಉರಿಯದಿದ್ದರೆ ಹಿಂದಕ್ಕೆ ಹೋಗಿ. ಕೀ ಸ್ವಿಚ್ಚಿನ ಹಿಂದಿನ ಕಪ್ಲರಿನಲ್ಲಿ (ವೈರುಗಳ ಪ್ಲಗ್) ಅದೇ ಬಣ್ಣದ ವೈರು ಹುಡುಕಿ ಅಲ್ಲಿ ನೋಡಿ. ಅಲ್ಲಿ ಉರಿದು, ಸೆಲ್ಫ್ ಹತ್ತಿರ ಉರಿಯಲಿಲ್ಲ ಅಂದರೆ ಕತ್ತರಿಸಿದ ಜಾಗ ಆ ಎರಡರ ನಡುವೆ ಇದೆ.

ಸ್ಟೇರಿಂಗ್ ಕೆಳಗೆ ಅಂಗಾತ ಮಲಗಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ನೋಡಿದೆ. ಕಪ್ಪು ಮೈ ಮೇಲೆ ಹಳದಿ ಗೀಟಿನ ವೈರು ಕಪ್ಲರಿನಿಂದ ಒಂದು ಗೇಣು ಬಂದು ಅಲ್ಲಿಗೇ ನಿಂತಿತ್ತು. ತುದಿಗೆ ಅಂಟಂಟಾದ ಹಳೇ ಟೇಪು. ಟೇಪಿನೊಳಗೆ ತಾಮ್ರ ಹಸಿರು ಹಿಡಿದಿತ್ತು. ಅದರ ಜೋಡಿ, ಅದೇ ಕಪ್ಪು ಹಳದಿ ಗೀಟು, ನಾಲ್ಕು ಬೆರಳು ಆಚೆ ಪೆಡಲ್ ಮೇಲಿನ ಕಟ್ಟಿನೊಳಗೆ ಅಡಗಿತ್ತು. ನಡುವೆ ಅಲಾರಂನವರ ರಿಲೇ, ಅಂದರೆ ಕರೆಂಟಿನಿಂದ ಆನ್ ಆಫ್ ಆಗುವ ಚಿಕ್ಕ ಸ್ವಿಚ್ ಡಬ್ಬಿ, ಕೂತಿತ್ತು. ಅದನ್ನು ನಾನೇ ಹಿಂದಿನ ರಾತ್ರಿ ಕಿತ್ತು ಚೀಲಕ್ಕೆ ಹಾಕಿದ್ದೆ.

ಇದು ಹೇಗೆ ಅಂತ ಸ್ವಲ್ಪ ಹೇಳಬೇಕು. ಕಾರಿನ ರಿಲೇ ತಿರುಗಿಸಿ ನೋಡಿದರೆ ಕಾಲುಗಳ ಪಕ್ಕ 30, 85, 86, 87, 87ಎ ಅಂತ ನಂಬರ್ ಇರುತ್ತದೆ. 85 ಮತ್ತು 86 ಕಾಯಿಲ್‌ನ (ಒಳಗಿನ ತಂತಿ ಸುರುಳಿಯ) ಕಾಲುಗಳು. ಕಾಯಿಲ್‌ಗೆ ಕರೆಂಟ್ ಇಲ್ಲದಾಗ 30 ಮತ್ತು 87ಎ ಒಂದಕ್ಕೊಂದು ಸೇರಿರುತ್ತವೆ. ಕರೆಂಟ್ ಬಂದರೆ 30 ಅಲ್ಲಿಂದ ಬಿಟ್ಟು 87ಕ್ಕೆ ಸೇರುತ್ತದೆ. ಅಲಾರಂ ಹಾಕುವವರು ಸಾಮಾನ್ಯವಾಗಿ ಸೆಲ್ಫ್ ವೈರನ್ನು ಕತ್ತರಿಸಿ ಒಂದು ತುದಿ 30ಕ್ಕೆ, ಇನ್ನೊಂದು 87ಎಗೆ ಕೊಡುತ್ತಾರೆ. ಹಾಗಾಗಿ ಅಲಾರಂ ಸತ್ತಿದ್ದರೂ ರಿಲೇ ಅಲ್ಲೇ ಇರುವವರೆಗೆ ಗಾಡಿ ಸ್ಟಾರ್ಟ್ ಆಗುತ್ತಲೇ ಇರುತ್ತದೆ. ರಿಲೇ ಕಿತ್ತ ಕ್ಷಣ ದಾರಿ ಮುರಿಯಿತು. ಕಿತ್ತ ರಿಲೇಯ 30 ಮತ್ತು 87ಎ ಕಾಲಿಗೆ ಯಾವ ಬಣ್ಣದ ವೈರು ಬಂದಿತ್ತೋ ಆ ಎರಡನ್ನು ಗಾಡಿಯೊಳಗೆ ಹುಡುಕಿ ಸೇರಿಸಿದರೆ ಆಯಿತು. ಎರಡೂ ತುದಿಗೆ ಒಂದೇ ಬಣ್ಣ, ಒಂದೇ ಗೀಟು ಇರಬೇಕು. ಬೇರೆ ಬೇರೆ ಇದ್ದರೆ ಸೇರಿಸಬೇಡಿ, ಇನ್ನೂ ಹುಡುಕಿ. ಕಂಪನಿ ವೈರಿಗೆ ಬಹುಪಾಲು ಬಣ್ಣದ ಗೀಟು ಇರುತ್ತದೆ. ಅಂಗಡಿಯವರು ತಂದ ವೈರು ಹೆಚ್ಚಾಗಿ ಬೋಳು ಕಪ್ಪು, ಬೋಳು ಕೆಂಪು.

ಸೆಲ್ಫ್ ಹೊಡೆದೂ ಇಂಜಿನ್ ಹಿಡಿಯದಿದ್ದರೆ ಇದೇ ಕತ್ತರಿ ಇಗ್ನಿಷನ್ ವೈರಿಗೆ ಬಿದ್ದಿರಬಹುದು. ಕೀ ಆನ್ ಮಾಡಿ ಇಗ್ನಿಷನ್ ಕಾಯಿಲ್‌ನ ಪ್ಲಸ್‌ಗೆ ಕರೆಂಟ್ ಬರುತ್ತದಾ ಅಂತ ನೋಡಿ. ಹುಡುಕುವ ದಾರಿ ಅದೇ.

ನಿಂತಲ್ಲೇ ಬ್ಯಾಟರಿ ಇಳಿದರೆ

ಸೆಲ್ಫ್ ಸರಿಯಾಯಿತು. ಆದರೆ ವಾರಕ್ಕೊಮ್ಮೆ ಭಾನುವಾರ ಗಾಡಿ ತೆಗೆಯೋಣ ಅಂದರೆ ಬ್ಯಾಟರಿ ಸತ್ತಿರುತ್ತಿತ್ತು. ಮೊದಲ ಸಲ ಅನುಮಾನ ಬ್ಯಾಟರಿ ಮೇಲೆಯೇ ಬಂತು. ಆದರೆ ಮೈನಸ್ ಬಿಚ್ಚಿ ಒಂದು ವಾರ ಇಟ್ಟರೆ ಏನೂ ಇಳಿಯಲಿಲ್ಲ. ಅಂದಮೇಲೆ ಗಾಡಿಯಲ್ಲೇ ಎಲ್ಲೋ ಸೋರುತ್ತಿದೆ ಅಲ್ವಾ?

ಸೋರುವುದನ್ನು ಅಳೆಯುವುದು ಹೀಗೆ. ಕೀ ತೆಗೆಯಿರಿ, ಬಾಗಿಲು ಮುಚ್ಚಿ. ಮೈನಸ್ ಟರ್ಮಿನಲ್ ಬಿಚ್ಚಿ, ಟರ್ಮಿನಲ್ಲಿಗೂ ಬ್ಯಾಟರಿಗೂ ನಡುವೆ ಮೊದಲು ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಬಲ್ಬು ಜೋರಾಗಿ ಉರಿದರೆ ದೊಡ್ಡ ಸೋರಿಕೆ ಇದೆ, ಮೀಟರ್ ಹಾಕಬೇಡಿ, ಅದರ ಫ್ಯೂಸ್ ಹೋಗುತ್ತದೆ. ಉರಿಯದಿದ್ದರೆ ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಅದೇ ಜಾಗದಲ್ಲಿ ಜೋಡಿಸಿ. ಮೀಟರ್ ಹೀಗೆ ಇರುವಾಗ ಯಾರೂ ಕೀ ಮುಟ್ಟಬಾರದು. ಕೆಲಸ ಆದ ಕೂಡಲೇ ಕೆಂಪು ವೈರನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಮರೆತು ಅದರಲ್ಲೇ ಬ್ಯಾಟರಿ ಅಳೆದರೆ ನೇರ ಶಾರ್ಟ್.

ನನ್ನ 800ರಂಥ ಸಾದಾ ಗಾಡಿಗೆ ಗಡಿಯಾರ, ಸ್ಟೀರಿಯೋ ಮೆಮೊರಿ ಎಲ್ಲ ಸೇರಿ 20 ಮಿಲಿ ಆಂಪಿಯರ್ ದಾಟಬಾರದು. 50 ದಾಟಿದರೆ ಹುಡುಕಲೇಬೇಕು. ನನಗೆ ತೋರಿಸಿದ್ದು 170. ಲೆಕ್ಕ ಹಾಕಿ ನೋಡಿ, ದಿನಕ್ಕೆ 4 ಆಂಪಿಯರ್ ಅವರ್. ನನ್ನ ಬ್ಯಾಟರಿ 35 ಆಂಪಿಯರ್ ಅವರ್‌ದು. ವಾರಕ್ಕೆ 28 ಸೋರಿ ಹೋದರೆ ಸೆಲ್ಫ್‌ಗೆ ಏನು ಉಳಿಯುತ್ತದೆ?

ಆಮೇಲೆ ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ನೋಡಬೇಕು. ಯಾವ ಫ್ಯೂಸ್ ಕಿತ್ತಾಗ ಅಂಕಿ ಇಳಿಯುತ್ತದೋ ಆ ಲೈನಿನಲ್ಲಿ ಸೋರಿಕೆ. ನಾನು ಎಲ್ಲ ಫ್ಯೂಸ್ ಕಿತ್ತೆ. ಅಂಕಿ 150ರಿಂದ ಕೆಳಗೆ ಬರಲಿಲ್ಲ. ಅಂದರೆ ಫ್ಯೂಸ್ ಪೆಟ್ಟಿಗೆಗೆ ಬರುವ ಮೊದಲೇ ಯಾರೋ ಮೇನ್ ವೈರಿಗೆ ಕೊಕ್ಕೆ ಹಾಕಿದ್ದಾರೆ. ನಮ್ಮ ಕಡೆ ಮೀಟರ್ ಬೋರ್ಡಿಗೆ ಮುಂಚೆ ಕಂಬದಿಂದ ಲೈನ್ ಎಳೆದ ಹಾಗೆ.

ಬೆಳಗಿನ ಜಾವ, ಇಬ್ಬನಿ ಬಿದ್ದು ಗಾಡಿಯ ತಗಡೆಲ್ಲ ತಣ್ಣಗಿತ್ತು. ಬಾನೆಟ್ ಎತ್ತಿ ಮೇನ್ ವೈರಿನ ಜಾಡು ಹಿಡಿದು ಕೈ ಆಡಿಸುತ್ತಾ ಹೋದೆ. ಗ್ರಿಲ್ ಹಿಂದೆ ಕೈಗೆ ಒಂದು ಚಿಕ್ಕ ಡಬ್ಬಿ ಸಿಕ್ಕಿತು. ಸುತ್ತ ಇರುವ ಎಲ್ಲವೂ ತಣ್ಣಗೆ, ಅದೊಂದು ಮಾತ್ರ ಮೊಟ್ಟೆಯ ಹಾಗೆ ಬೆಚ್ಚಗೆ. ಫಾಗ್ ಲ್ಯಾಂಪಿನ ರಿಲೇ. ಲ್ಯಾಂಪು ಕಿತ್ತಿದ್ದೆ, ಸ್ವಿಚ್ಚೂ ಕಿತ್ತಿದ್ದೆ. ಸ್ವಿಚ್ಚಿಗೆ ಹೋಗುತ್ತಿದ್ದ ವೈರಿನ ತುದಿ ಎಲ್ಲೋ ಬಾಡಿಗೆ ತಗುಲಿ ಕಾಯಿಲ್ ಹಗಲೂ ರಾತ್ರಿ ಎಳೆಯುತ್ತಲೇ ಇತ್ತು. ಕಾಯಿಲ್ ಕಾಲಿಗೆ ಮೀಟರ್ ಹಿಡಿದರೆ 80 ಓಮ್. 12 ವೋಲ್ಟನ್ನು 80ರಿಂದ ಭಾಗಿಸಿದರೆ 150 ಮಿಲಿ ಆಂಪಿಯರ್. ಅಂಕಿ ಸರಿಯಾಗಿ ಕೂತಾಗ ಆದ ಸಂತೋಷ ಹೇಳೋಕಾಗಲ್ಲ. ಅದನ್ನು ಕಿತ್ತ ಮೇಲೆ ಮೀಟರ್ 20ಕ್ಕೆ ಬಂತು.

ಇಲ್ಲಿ ಗಮನಿಸಬೇಕಾದ್ದು, ಅರ್ಥಿಂಗ್ ಕಡೆಯ ವೈರು ಬಾಡಿಗೆ ತಗುಲಿದರೆ ಫ್ಯೂಸ್ ಹೋಗುವುದಿಲ್ಲ. ಸುಮ್ನೆ ಸ್ವಿಚ್ ಒತ್ತಿದ ಹಾಗೆ ಕೆಲಸ ನಡೆಯುತ್ತಲೇ ಇರುತ್ತದೆ. ಬಾಗಿಲಿನ ಸ್ವಿಚ್ಚೂ ಹೀಗೆಯೇ, ಅದು ಒಳಗಿನ ದೀಪಕ್ಕೆ ಅರ್ಥಿಂಗ್ ಕೊಡುವ ಸ್ವಿಚ್. ಅಲಾರಂ ಅದರಿಂದಲೇ ಒಂದು ವೈರು ತಗೊಂಡಿರುತ್ತದೆ. ಆ ತುದಿ ತಗಡಿಗೆ ತಗುಲಿದರೆ ಬಾಗಿಲು ಮುಚ್ಚಿದರೂ ದೀಪ ಆರಲ್ಲ.

ಫ್ಯೂಸ್ ಹೋಗುತ್ತಲೇ ಇದ್ದರೆ

ದೊಡ್ಡ ಫ್ಯೂಸ್ ಹಾಕಬೇಡಿ. ಬೆಳ್ಳಿ ಕಾಗದ ಸುತ್ತಬೇಡಿ. ಕೆಂಪು ಬ್ಲೇಡ್ ಫ್ಯೂಸ್ 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಕೆಂಪು ಇದ್ದ ಜಾಗಕ್ಕೆ ಹಸಿರು ಹಾಕಿದರೆ ಫ್ಯೂಸ್ ಬದಲು ವೈರು ಸುಡುತ್ತದೆ, ಡ್ಯಾಶ್‌ಬೋರ್ಡ್ ಒಳಗೆ.

ಆ ಹಳೇ ಹೆಡ್‌ಲೈಟ್ ಬಲ್ಬು ಇಲ್ಲಿ ಬೇಕು. ಹೋದ ಫ್ಯೂಸಿನ ಎರಡು ಕಾಲಿನ ಜಾಗಕ್ಕೆ ಬಲ್ಬಿನ ಎರಡು ವೈರು ಜೋಡಿಸಿ. ಆ ಲೈನಿನ ಸ್ವಿಚ್ಚುಗಳೆಲ್ಲ ಆಫ್ ಇರಲಿ. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ. 55 ವ್ಯಾಟಿನ ಬಲ್ಬು ನಾಲ್ಕೂವರೆ ಆಂಪಿಯರ್‌ಗಿಂತ ಜಾಸ್ತಿ ಬಿಡಲ್ಲ, ಹಾಗಾಗಿ ವೈರು ಸುಡುವ ಭಯ ಇಲ್ಲ. ಈಗ ಗಾಡಿಯ ಒಂದೊಂದು ಕಡೆ ವೈರು ಕಟ್ಟನ್ನು ಅಲುಗಾಡಿಸುತ್ತಾ ಹೋಗಿ. ಎಲ್ಲಿ ಅಲುಗಾಡಿಸಿದಾಗ ಬಲ್ಬು ಆರಿತೋ ಅಥವಾ ಮಿಣುಕಿತೋ ಅಲ್ಲೇ ಶಾರ್ಟ್. ಹತ್ತಾರು ಫ್ಯೂಸ್ ಸುಡುವುದು ತಪ್ಪುತ್ತದೆ. ನನ್ನ ಗಾಡಿಯಲ್ಲಿ ಅದು ಕೀಳದೆ ಉಳಿದುಹೋಗಿದ್ದ ಆ ಹಾಡುವ ಹಾರ್ನಿನ ವೈರು, ಡಿಕ್ಕಿ ಬಾಗಿಲಿನ ಕೀಲಿನ ಹತ್ತಿರ ಸವೆದಿತ್ತು.

ಬ್ರೇಕ್ ಒತ್ತಿದರೆ ಇಂಡಿಕೇಟರ್ ಉರಿದರೆ

ಇದು ಎಲ್ಲಕ್ಕಿಂತ ಜಾಸ್ತಿ ತಲೆ ತಿಂದಿದ್ದು. ಎಡಗಡೆ ಹಿಂದಿನ ದೀಪ. ಬ್ರೇಕ್ ಒತ್ತಿದರೆ ಬ್ರೇಕ್ ಲೈಟ್ ಮಂಕು, ಜೊತೆಗೆ ಇಂಡಿಕೇಟರೂ ಮಂಕಾಗಿ ಉರಿಯುತ್ತಿತ್ತು. ಇಂಡಿಕೇಟರ್ ಹಾಕಿದರೆ ಪಾರ್ಕ್ ಲೈಟ್ ಮಿಣಮಿಣ. ಇಂಥದ್ದು ಕಂಡರೆ ಬೇರೆ ಯೋಚನೆ ಬೇಡ, ಅರ್ಥಿಂಗ್ ಹೋಗಿದೆ. ಕರೆಂಟಿಗೆ ವಾಪಸ್ ಹೋಗುವ ದಾರಿ ಇಲ್ಲದಾಗ ಪಕ್ಕದ ಬಲ್ಬಿನ ಫಿಲಮೆಂಟ್ ಮೂಲಕ ದಾರಿ ಹುಡುಕಿಕೊಳ್ಳುತ್ತದೆ.

ಅಪ್ಪ ಆ ಡಿಕ್ಕಿಯಲ್ಲಿ ಆಲೆಮನೆಯಿಂದ ಬೆಲ್ಲ ತರುತ್ತಿದ್ದರು. ಮಂಡ್ಯದವರಿಗೆ ಹೇಳಬೇಕಿಲ್ಲ, ಬೆಲ್ಲ ಗಾಳಿಯ ನೀರು ಎಳೆಯುತ್ತದೆ, ಮಳೆಗಾಲದಲ್ಲಿ ಒಸರುತ್ತದೆ. ಕಾರ್ಪೆಟ್ ಎತ್ತಿ ನೋಡಿದರೆ ಎಡಮೂಲೆಯಲ್ಲಿ ತಗಡು ಕಂದು ಬಣ್ಣಕ್ಕೆ ತಿರುಗಿ ಪದರ ಪದರವಾಗಿ ಏಳುತ್ತಿತ್ತು. ಅಲ್ಲೇ ಅರ್ಥಿಂಗ್ ಬೋಲ್ಟ್. ಆಂಪ್ಲಿಫೈಯರ್ ಹಾಕಿದವರು ತಮ್ಮ ದಪ್ಪ ವೈರನ್ನೂ ಅದೇ ಬೋಲ್ಟಿಗೆ ಬಿಗಿದಿದ್ದರು. ನಾನು ಅವರ ವೈರು ಕಿತ್ತು ಬೋಲ್ಟನ್ನು ವಾಪಸ್ ಬಿಗಿದಿದ್ದೆ. ಕಂಪನಿ ವೈರಿನ ರಿಂಗು ಈಗ ತುಕ್ಕಿನ ಮೇಲೆ ಕೂತಿತ್ತು. ಬಿಗಿಯಾಗಿ ಕಾಣುತ್ತದೆ, ಆದರೆ ಕರೆಂಟಿಗೆ ದಾರಿ ಇಲ್ಲ.

ಇದನ್ನು ಮೀಟರಿನ ಕಂಟಿನ್ಯುಟಿ ಬೀಪ್ (ವೈರು ಸೇರಿದೆ ಅಂತ ಹೇಳುವ ಸದ್ದು) ಕೇಳಿ ನಂಬಬೇಡಿ. ನನಗೂ ಬೀಪ್ ಬಂತು. ಪಂಪ್‌ಸೆಟ್ಟಿನಲ್ಲಿ ದಿನಾ ನೋಡುವ ವಿಷಯ ಇದು. ಮೀಟರಿನಲ್ಲಿ ಮೂರು ಫೇಸೂ ಪೂರ್ತಿ ತೋರಿಸುತ್ತದೆ, ಮೋಟಾರ್ ಹಾಕಿದರೆ ಮಾತ್ರ ಎತ್ತಲ್ಲ, ಗುಂಯ್ ಅನ್ನುತ್ತದೆ. ಕಟೌಟ್, ಅಂದರೆ ಫ್ಯೂಸ್ ಕೂರುವ ಹಿಡಿಕೆ, ಲೂಸ್ ಇರುತ್ತದೆ. ಲೋಡ್ ಬಿದ್ದಾಗಲೇ ನಿಜ ಗೊತ್ತಾಗೋದು. ಹಾಗಾಗಿ ದೀಪ ಉರಿಯುತ್ತಿರುವಾಗ ಅಳೆಯಿರಿ. ಮೀಟರ್ ಡಿಸಿ ವೋಲ್ಟಿಗೆ ಇಟ್ಟು, ಒಂದು ತುದಿ ದೀಪದ ಅರ್ಥಿಂಗ್ ಕಾಲಿಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ. 0.2 ವೋಲ್ಟ್ ಒಳಗಿದ್ದರೆ ಸರಿ. ನನಗೆ 3.4 ಬಂತು. ಅಷ್ಟು ವೋಲ್ಟು ಆ ತುಕ್ಕಿನಲ್ಲೇ ಕರಗುತ್ತಿತ್ತು.

ಬೋಲ್ಟ್ ಬಿಚ್ಚಿ, ತಗಡು ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ. ರಿಂಗಿನ ಎರಡೂ ಮುಖ ಉಜ್ಜಿ. ಹೊಸ ಬೋಲ್ಟು, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಬಿಗಿದ ಮೇಲೆ ಸುತ್ತ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಬಿಗಿಯುವ ಮೊದಲು ಪೇಂಟ್ ಬಳಿಯಬೇಡಿ. ನನ್ನದರಲ್ಲಿ 0.05ಕ್ಕೆ ಇಳಿಯಿತು, ಎಡದೀಪ ಬಲದೀಪಕ್ಕೆ ಸಮ ಆಯಿತು.

ಇಂಡಿಕೇಟರ್ ಬಗ್ಗೆ ಇನ್ನೆರಡು ಮಾತು. ಒಂದು ಬದಿ ಮಾತ್ರ ಬೇಗ ಬೇಗ ಹೊಡೆದರೆ ಆ ಬದಿಯ ಒಂದು ಬಲ್ಬು ಉರಿಯುತ್ತಿಲ್ಲ, ಇಲ್ಲವೇ ಯಾರೋ 21 ವ್ಯಾಟಿನ ಬದಲು ಎಲ್ಇಡಿ ಹಾಕಿದ್ದಾರೆ. ಎಡಕ್ಕೆ ಹಾಕಿದರೆ ಎರಡೂ ಬದಿ ಹೊಡೆದರೆ, ಅಲಾರಂ ಎಡಬಲ ಇಂಡಿಕೇಟರಿನಿಂದ ತೆಗೆದುಕೊಂಡಿದ್ದ ಎರಡು ವೈರಿನ ತುದಿಗಳು ಒಂದಕ್ಕೊಂದು ತಗುಲಿವೆ.

ಕೀಳಬಾರದ ವೈರು

ಹೆಡ್‌ಲೈಟಿನ ಕರೆಂಟನ್ನು ಸ್ವಿಚ್ಚಿನ ಬದಲು ರಿಲೇ ಮೂಲಕ ಬಿಡುವ ರಿಲೇ ಕಿಟ್ ಬಗ್ಗೆ ಹುಷಾರು. ನಮ್ಮ ಗಾಡಿಗೆ 100/90 ವ್ಯಾಟಿನ ಬಲ್ಬು (ಬ್ರೈಟ್‌ಗೆ 100, ಡಿಮ್‌ಗೆ 90) ಹಾಕಿದ್ದರು. ಡಿಮ್‌ನಲ್ಲೇ ಎರಡೂ ಸೇರಿ 15 ಆಂಪಿಯರ್. 55 ವ್ಯಾಟಿನ ಬಲ್ಬಾದರೆ 9ರ ಹತ್ತಿರ. ರಿಲೇ ಕಿಟ್ ಕಿತ್ತು ದೊಡ್ಡ ಬಲ್ಬು ಹಾಗೇ ಬಿಟ್ಟರೆ ಆ 15 ಆಂಪಿಯರ್ ಪೂರ್ತಿ ಸ್ಟೇರಿಂಗ್ ಪಕ್ಕದ ಸ್ವಿಚ್ಚಿನ ಮೂಲಕ ಹೋಗುತ್ತದೆ, ಸ್ವಿಚ್ ಕರಗುತ್ತದೆ. ಮೊದಲು 60/55 ಬಲ್ಬು ಹಾಕಿ, ಆಮೇಲೆ ಕಿಟ್ ವಿಷಯ ಯೋಚಿಸಿ. ನನ್ನ ಅಭಿಪ್ರಾಯ ಕೇಳಿದರೆ, ಫ್ಯೂಸ್ ಇಟ್ಟು ನೀಟಾಗಿ ಹಾಕಿದ ರಿಲೇ ಕಿಟ್ ಇದ್ದರೆ ಕೀಳಲೇಬೇಡಿ. ಹಳೇ ಸ್ವಿಚ್ಚಿಗೆ ಅದು ಆಸರೆ. ನಾನು ಬಲ್ಬು ಬದಲಿಸಿ ಕಿಟ್ ಉಳಿಸಿಕೊಂಡೆ.

ಜೋಡಿಸುವ ವಿಷಯ. ವೈರು ಹೊಸೆದು ಟೇಪು ಸುತ್ತಿದರೆ ನಮ್ಮ ಬಿಸಿಲಿಗೆ ಎರಡು ಬೇಸಿಗೆಯಲ್ಲಿ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಒತ್ತಿ ಕೂರಿಸುವ ಪ್ಲಾಸ್ಟಿಕ್ ಕ್ಲಿಪ್ಪೂ ಬೇಡ, ಅದರೊಳಗೆ ತೇವ ಕೂರುತ್ತದೆ. ಹಸಿರು ಹಿಡಿದ ತಾಮ್ರವನ್ನು ಕತ್ತರಿಸಿ ಬಿಸಾಕಿ, ಹೊಳೆಯುವ ತಾಮ್ರ ಬರುವವರೆಗೆ ಹಿಂದಕ್ಕೆ ಹೋಗಿ. ಉದ್ದ ಸಾಲದಿದ್ದರೆ ಅದೇ ದಪ್ಪದ ತುಂಡು ಸೇರಿಸಿ. ಹೀಟ್ ಶ್ರಿಂಕ್ ಮೊದಲೇ ಏರಿಸಿಟ್ಟುಕೊಂಡು, ಕ್ರಿಂಪ್ ಮಾಡಿ, ಜೋರಾಗಿ ಎಳೆದು ನೋಡಿ, ಆಮೇಲೆ ಬಿಸಿ ಮಾಡಿ. ಬೆಸುಗೆ ಹಾಕುವವರು ಆ ಜಾಗ ಅಲುಗಾಡದ ಹಾಗೆ ಕಟ್ಟಿನ ಜೊತೆ ಬಿಗಿಯಿರಿ, ಇಲ್ಲದಿದ್ದರೆ ಬೆಸುಗೆ ಮುಗಿಯುವ ಕಡೆಯೇ ವೈರು ತುಂಡಾಗುತ್ತದೆ. ಸುಲಿದು ಬಿಟ್ಟ ಜಾಗಗಳನ್ನೂ ಬರಿದೇ ಬಿಡಬೇಡಿ.

ಡ್ಯಾಶ್‌ಬೋರ್ಡಿನ ಕವರ್ ಕೂಡಲೇ ಹಾಕಬೇಡಿ. ನಾನು ಒಂದು ವಾರ ಹಾಗೇ ಓಡಿಸಿದೆ, ಪಾಂಡವಪುರದಿಂದ ಶ್ರೀರಂಗಪಟ್ಟಣ, ಅಲ್ಲಿಂದ ಮೈಸೂರು, ರಾತ್ರಿ ಹೊತ್ತು ವಾಪಸ್. ಪ್ರತಿ ಸಲ ನಿಲ್ಲಿಸಿ ಹೆಡ್‌ಲೈಟ್, ವೈಪರ್, ಫ್ಯಾನ್ ಎಲ್ಲ ಹಾಕಿ, ಸ್ವಲ್ಪ ಆಕ್ಸಲರೇಟರ್ ಕೊಟ್ಟು ಬ್ಯಾಟರಿ ಅಳೆದೆ. 13.8 ಇತ್ತು. 13.5ಕ್ಕಿಂತ ಕೆಳಗೆ ಬಂದರೆ ಚಾರ್ಜಿಂಗ್ ಕಡೆ ನೋಡಬೇಕು. ನಾನು ಮಾಡಿದ ಒಂದೊಂದು ಜಾಯಿಂಟನ್ನೂ ಬೆರಳಿನಿಂದ ಮುಟ್ಟಿದೆ. ಒಂದು ಬೆಚ್ಚಗಿತ್ತು, ಹೀಟರ್ ಫ್ಯಾನಿನದು. ಬಿಚ್ಚಿ ಮತ್ತೆ ಮಾಡಿದೆ. ಆಮೇಲೆ ಯಾವ ಬಣ್ಣದ ವೈರನ್ನು ಎಲ್ಲಿ ಸೇರಿಸಿದೆ ಅಂತ ಒಂದು ಹಾಳೆಯಲ್ಲಿ ಬರೆದು, ಗಾಡಿಯ ಆರ್‌ಸಿ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಕವರಿನ ಸ್ಕ್ರೂ ಬಿಗಿದೆ.